ಪಹಣಿಯಲ್ಲಿ ಹೆಸರು, ಶಾಲೆಯಲ್ಲಿ ಮಗು

(ಕುಮಟಾ ತಾಲ್ಲೂಕಿನ ತದಡಿಯಲ್ಲಿ ಗಜನಿ ರೈತರು ಹಾಗೂ ಮೀನುಗಾರ ಕುಟುಂಬದವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೃಷಿ ವಿಶ್ವವಿದ್ಯಾಲಯದ ಕಡೆಯ ಭಾಷಣವೆಂದರೆ ಬಿತ್ತನೆ, ಗೊಬ್ಬರ, ಕಳೆ, ಕೀಟ ಇವುಗಳ ವಿಚಾರವೆಂಬುದು ರೂಢಿ. ಈ ದಿನದ ವಿಷಯ ಮಕ್ಕಳ ಓದಿನ ಖರ್ಚಿಗೆ ಸರ್ಕಾರದಿಂದ ಬರುವ ಹಣ. ಬೇಸಾಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ರೈತನ ಮಗನಿಗೆ, ಮಗಳಿಗೆ ಬರುವ ಆ ಹಣ ಬಂದು ನಿಲ್ಲುವುದು ಶಾಲೆಯ ಹಾಜರಿ ಪುಸ್ತಕದ ಮುಂದಲ್ಲ, ಜಮೀನಿನ ಪಹಣಿಯ ಮುಂದೆ. ಸಂಬಂಧ ಅಷ್ಟೇ, ಆದರೆ ಅದು ಸಣ್ಣದಲ್ಲ.

ಮೊದಲು ಈ ಊರಿನ ಜೂನ್ ತಿಂಗಳನ್ನು ನೋಡಬೇಕು. ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಪುಸ್ತಕ, ಪಟ್ಟಿ, ಕೊಡೆ, ಬಸ್ಸಿನ ಪಾಸು, ಕಾಲೇಜಿನ ಪ್ರವೇಶ ಶುಲ್ಕ ಎಲ್ಲವೂ ಒಂದೇ ಹದಿನೈದು ದಿನಗಳಲ್ಲಿ ಬಂದು ಬೀಳುತ್ತವೆ. ಅದೇ ಹೊತ್ತಿಗೆ ಗಜನಿಯ ಕಟ್ಟೆ ದುರಸ್ತಿಯಾಗಬೇಕು. ಮಳೆಯ ನೀರಿಗೆ ಮಣ್ಣಿನ ಉಪ್ಪು ತೊಳೆದುಹೋದ ಕೂಡಲೇ ಮೊಳಕೆ ಕಟ್ಟಿದ ಕಗ್ಗದ ಬೀಜ ಬೀಳಬೇಕು. ಆಳಿನ ಕೂಲಿ ಆಗಲೇ ಕೊಡಬೇಕು. ಇನ್ನು ಬಂದರಿನ ಕಡೆ ನೋಡಿದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಅಂದರೆ ಕೃಷಿಕನಿಗೆ ಖರ್ಚಿನ ತಿಂಗಳು, ಮೀನುಗಾರನಿಗೆ ಗಳಿಕೆ ನಿಂತ ತಿಂಗಳು. ಕಗ್ಗ ಕೊಯ್ಲಾಗಿ ಮನೆಗೆ ಬರುವುದು ದೀಪಾವಳಿಯ ಆಸುಪಾಸಿಗೆ. ತದಡಿಯಿಂದ ದೋಣಿಯಲ್ಲಿ ಹೊಳೆ ದಾಟಿ ಅಘನಾಶಿನಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕುಮಟೆಯ ಕಾಲೇಜಿಗೆ ಹೋಗುವ ಹುಡುಗಿಯ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಎಷ್ಟೋ ಮನೆಗಳಲ್ಲಿ ಈ ಎರಡು ತಿಂಗಳಲ್ಲೇ ತೀರ್ಮಾನವಾಗುತ್ತದೆ. ಮನೆಯಲ್ಲಿ ಇಬ್ಬರು ಓದುವವರಿದ್ದು ಒಬ್ಬರನ್ನು ಬಿಡಿಸಬೇಕಾಗಿ ಬಂದರೆ ಬಿಡಿಸುವುದು ಯಾರನ್ನು ಎಂಬುದನ್ನು ಇಲ್ಲಿ ಕುಳಿತ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹದಿನಾಲ್ಕು ವಯಸ್ಸಿನವರೆಗೆ ಶಿಕ್ಷಣ ಉಚಿತವೆಂದು 2009ರ ಕಾಯಿದೆ ಹೇಳುತ್ತದೆ. ಮಧ್ಯಾಹ್ನದ ಊಟ, ಪಠ್ಯಪುಸ್ತಕಗಳ ಸೌಲಭ್ಯದಿಂದ ಕೆಳಗಿನ ತರಗತಿಗಳ ಹೊರೆ ಸಾಕಷ್ಟು ಇಳಿದಿದೆ. ಹೊರೆ ಏರುವುದು ಹತ್ತನೆಯ ತರಗತಿ ದಾಟಿದ ಮೇಲೆ. ರಾಜ್ಯ ಸರ್ಕಾರ 2021ರಲ್ಲಿ ಪ್ರಾರಂಭಿಸಿದ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಈ ಹಂತವನ್ನೇ ಗಮನದಲ್ಲಿಟ್ಟುಕೊಂಡಿತ್ತು. ಪ್ರಾರಂಭದಲ್ಲಿ ಗೊತ್ತುಪಡಿಸಿದ ವಾರ್ಷಿಕ ಮೊತ್ತ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ರೂ. 2,500, ಹುಡುಗಿಯರಿಗೆ ರೂ. 3,000, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಂತಾದ ಪದವಿಗಳಿಗೆ ರೂ. 5,000 ಮತ್ತು ರೂ. 5,500, ಕಾನೂನು, ನರ್ಸಿಂಗ್‌ನಂಥ ವೃತ್ತಿ ಶಿಕ್ಷಣಕ್ಕೆ ರೂ. 7,500 ಮತ್ತು ರೂ. 8,000, ವೈದ್ಯಕೀಯ, ಇಂಜಿನಿಯರಿಂಗ್ ಹಾಗೂ ಸ್ನಾತಕೋತ್ತರ ಪದವಿಗೆ ರೂ. 10,000 ಮತ್ತು ರೂ. 11,000. ಅನಂತರ 8ರಿಂದ 10ನೆಯ ತರಗತಿಯವರೆಗಿನ ರೈತರ ಹೆಣ್ಣುಮಕ್ಕಳಿಗೆ ರೂ. 2,000 ಸೇರಿತು. ಹಣ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ.

ರೂ. 3,000 ಎಂದರೆ ತಿಂಗಳಿಗೆ ರೂ. 250. ಇಷ್ಟರಿಂದ ಒಂದು ಹುಡುಗಿಯ ಓದು ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುವುದಿಲ್ಲ. ಆದರೆ ಮನೆಯಲ್ಲಿ ಪಿಯುಸಿಯ ಮಗಳು, ಪದವಿ ಓದುವ ಮಗ ಇಬ್ಬರೂ ಇದ್ದರೆ ಲೆಕ್ಕ ರೂ. 8,000 ಆಗುತ್ತದೆ. ಕೇಂದ್ರ ಸರ್ಕಾರದ ಕಿಸಾನ್ ಸಮ್ಮಾನ್ ನಿಧಿಯಿಂದ ಇಡೀ ಕುಟುಂಬಕ್ಕೆ ವರ್ಷಕ್ಕೆ ಬರುವುದು ರೂ. 6,000. ಒಂದು ಎಕರೆಗೂ ಕಡಿಮೆ ಗಜನಿ ಇರುವವನಿಗೆ ಇದು ತಳ್ಳಿಹಾಕುವ ಹಣವಲ್ಲ.

ಹಣ ಎಲ್ಲಿ ನಿಲ್ಲುತ್ತದೆ

ಈ ಯೋಜನೆಗೆ ರೈತನೆಂದರೆ ಯಾರು? ಫ್ರೂಟ್ಸ್ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿ ಎಫ್.ಐ.ಡಿ. ಸಂಖ್ಯೆ ಪಡೆದವನು. ಆ ಸಂಖ್ಯೆ ಸಿಗಬೇಕಾದರೆ ಪಹಣಿ ತನ್ನ ಹೆಸರಿನಲ್ಲಿರಬೇಕು. ಗದ್ದೆಯಲ್ಲಿ ಇಳಿದವನು, ಕಟ್ಟೆ ಕಟ್ಟಿದವನು, ಬೀಜ ಬಿತ್ತಿದವನು ಎಂಬುದನ್ನು ಯಂತ್ರ ಕೇಳುವುದಿಲ್ಲ.

ಈಗ ಈ ಭಾಗದ ಪಹಣಿಗಳ ಕಥೆ. ಉತ್ತರ ಕನ್ನಡ ಗೇಣಿ ಒಕ್ಕಲುಗಳ ಜಿಲ್ಲೆಯಾಗಿತ್ತು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉಳುವವರು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದರು. ಕೊನೆಯ ದಿನ 1979ರ ಜೂನ್ 30. ಅರ್ಜಿಗೆ ಸಹಿ ಹಾಕಿದವನು ಸಾಮಾನ್ಯವಾಗಿ ಮನೆಯ ಯಜಮಾನ, ಅಂದರೆ ಅಜ್ಜ, ಇಲ್ಲವೇ ದೊಡ್ಡಪ್ಪ. ನ್ಯಾಯಮಂಡಳಿ ಅವನ ಹೆಸರಿಗೆ ಹಕ್ಕು ಕೊಟ್ಟಿತು. ಮನೆಯವರೆಲ್ಲ ಒಟ್ಟಿಗಿದ್ದ ಕಾಲ ಅದು, ಆಗ ಯಾರಿಗೂ ತೊಂದರೆ ಕಾಣಲಿಲ್ಲ. ಆಮೇಲೆ ಅಜ್ಜ ತೀರಿಕೊಂಡ. ಮಕ್ಕಳು ಒಲೆ ಬೇರೆ ಮಾಡಿಕೊಂಡರು, ಗದ್ದೆಯನ್ನು ಬಾಯಿಮಾತಿನಲ್ಲೇ ಹಂಚಿಕೊಂಡರು. ಪಹಣಿಯಲ್ಲಿ ಮಾತ್ರ ಅಜ್ಜನೇ ಇದ್ದಾನೆ.

ಇದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅಣ್ಣ ತಮ್ಮ ಇಬ್ಬರು ಒಂದೇ ಗಜನಿಯ ಎರಡು ತುಂಡುಗಳನ್ನು ಮಾಡುತ್ತಿದ್ದಾರೆನ್ನೋಣ. ತಂದೆ ಸತ್ತಾಗ ಅಣ್ಣ ಓಡಾಡಿ ತನ್ನ ಹೆಸರು ಸೇರಿಸಿಕೊಂಡ. ತಮ್ಮ ಆಗ ದೋಣಿಯ ಮೇಲಿದ್ದ, ಹೆಸರು ಉಳಿದುಹೋಯಿತು. ಅಣ್ಣನ ಮಗಳಿಗೆ ವಿದ್ಯಾನಿಧಿ ಬಂತು, ಅದೇ ಬೆಂಚಿನಲ್ಲಿ ಕುಳಿತ ತಮ್ಮನ ಮಗಳಿಗೆ ಬರಲಿಲ್ಲ. ಇಬ್ಬರು ಹುಡುಗಿಯರೂ ಒಂದೇ ಅನ್ನ ಉಂಡವರು. ಸರ್ಕಾರ ಮೋಸ ಮಾಡಿತೆಂದು ತಮ್ಮ ಹೇಳುತ್ತಾನೆ, ಅಣ್ಣ ಕಸಿದುಕೊಂಡನೆಂದು ತಮ್ಮನ ಹೆಂಡತಿ ಹೇಳುತ್ತಾಳೆ. ನಿಜವಾಗಿ ಉಳಿದುಹೋದದ್ದು ಒಂದು ವಾರಸಾ ಅರ್ಜಿ.

ಎಫ್.ಐ.ಡಿ. ಬಳಕೆಯಾಗುವುದು ವಿದ್ಯಾನಿಧಿಗೆ ಮಾತ್ರವೂ ಅಲ್ಲ. ಬೆಳೆವಿಮೆ, ಬೆಳೆಹಾನಿ ಪರಿಹಾರ, ರಿಯಾಯಿತಿ ದರದ ಬೀಜ ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. 2019ರ ಆಗಸ್ಟ್ ತಿಂಗಳಲ್ಲಿ ಅಘನಾಶಿನಿ ಉಕ್ಕಿದಾಗ ಗಜನಿ ಮುಳುಗಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಪರಿಹಾರದ ಪಟ್ಟಿಗೆ ಸೇರುವುದು ಪಹಣಿಯಲ್ಲಿರುವ ಹೆಸರು, ಸತ್ತವನದಾದರೂ ಅದೇ.

ಪೌತಿ ಬೇರೆ, ಹಿಸ್ಸೆ ಬೇರೆ

ಜನರು ಏಕೆ ತಡ ಮಾಡುತ್ತಾರೆ? ಮುಖ್ಯವಾಗಿ ಒಂದು ತಪ್ಪು ತಿಳುವಳಿಕೆಯಿಂದ. ಹೆಸರು ಬದಲಾಗಬೇಕಾದರೆ ಮೊದಲು ಜಮೀನು ಅಳೆಯಿಸಬೇಕು, ನಕ್ಷೆ ಆಗಬೇಕು, ಎಲ್ಲರೂ ಕೂತು ಪಾಲು ಮಾಡಿಕೊಳ್ಳಬೇಕು ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನೂ ಇಲ್ಲ. ಸತ್ತವರ ಹೆಸರು ತೆಗೆದು ವಾರಸುದಾರರೆಲ್ಲರ ಹೆಸರನ್ನು ಜಂಟಿಯಾಗಿ ಸೇರಿಸುವುದು ಪೌತಿ. ಯಾರಿಗೆ ಯಾವ ತುಂಡು ಎಂದು ಗೆರೆ ಎಳೆಯುವುದು ಹಿಸ್ಸೆ. ಪೌತಿಗೆ ಅಳತೆಯೂ ಬೇಡ, ನಕ್ಷೆಯೂ ಬೇಡ. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ವಾರಸುದಾರರ ಗುರುತಿನ ದಾಖಲೆಗಳೊಡನೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡುತ್ತಾರೆ, ತಕರಾರಿಗೆ ಅವಕಾಶ ಕೊಟ್ಟು ನೋಟಿಸು ಹೊರಡುತ್ತದೆ, ತಕರಾರಿಲ್ಲದಿದ್ದರೆ ಹೆಸರು ಏರುತ್ತದೆ. ಹಿಸ್ಸೆಯ ಜಗಳ ಇನ್ನೂ ಹತ್ತು ವರ್ಷ ನಡೆಯಲಿ, ಪೌತಿ ಅದಕ್ಕೆ ಕಾಯಬೇಕಾಗಿಲ್ಲ. ಸತ್ತವರ ಹೆಸರಿನ ಖಾತೆಗಳು ರಾಜ್ಯದಾದ್ಯಂತ ಎಷ್ಟು ತುಂಬಿಕೊಂಡಿವೆಯೆಂದರೆ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಎಂಬ ಆಂದೋಲನವನ್ನೇ ಕೈಗೊಳ್ಳಬೇಕಾಯಿತು.

ಎರಡನೆಯ ಅಡ್ಡಿ ಮದುವೆಯಾಗಿ ಹೋದ ಅಕ್ಕತಂಗಿಯರ ವಿಚಾರ. ಅವರ ಹೆಸರು ಬಂದರೆ ಪಾಲು ಕೇಳಿಯಾರೆಂಬ ಅಂಜಿಕೆಯಿಂದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವ ಚಾಳಿ ಇದೆ. ಕಾನೂನಿನಲ್ಲಿ ಅವರಿಗೆ ಹಕ್ಕಿದೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಅದರಲ್ಲಿ ಮಾತೇ ಇಲ್ಲ. ಬಿಟ್ಟು ಬರೆಸಿದ ವಂಶವೃಕ್ಷ ಮುಂದೆ ತಕರಾರಾಗಿ ಇಡೀ ಖಾತೆಯನ್ನೇ ನಿಲ್ಲಿಸುತ್ತದೆ. ಮಗಳ ವಿದ್ಯಾನಿಧಿಗಾಗಿ ತಂಗಿಯ ಹೆಸರನ್ನು ಅಳಿಸುವುದು ವಿಚಿತ್ರವಾದ ಲೆಕ್ಕ.

ಕಿಸಾನ್ ಸಮ್ಮಾನ್ ನಿಧಿಯ ವಿಷಯದಲ್ಲೂ ಒಂದು ಮಾತು ಗಮನಿಸತಕ್ಕದ್ದು. 2019ರ ಫೆಬ್ರುವರಿ 1ರ ನಂತರ ಕೊಂಡ ಜಮೀನಿಗೆ ಅದು ಸಿಗುವುದಿಲ್ಲ. ಆದರೆ ಯಜಮಾನ ತೀರಿಕೊಂಡು ವಾರಸಿನಿಂದ ಬಂದ ಜಮೀನಿಗೆ ಆ ನಿರ್ಬಂಧವಿಲ್ಲ. ಇದು ತಿಳಿಯದೆ ಅರ್ಜಿಯನ್ನೇ ಹಾಕದವರಿದ್ದಾರೆ.

ಇಷ್ಟೆಲ್ಲ ಪಹಣಿ ಇದ್ದವರ ಮಾತಾಯಿತು. ಪಹಣಿಯೇ ಇಲ್ಲದವರು ಈ ಹೊಳೆಯ ದಂಡೆಯಲ್ಲಿ ಕಡಿಮೆಯಿಲ್ಲ. ಭೂಮಿಯಿಲ್ಲದ ಕೃಷಿ ಕಾರ್ಮಿಕರು, ಮೀನುಗಾರರು, ನೇಕಾರರ ಮಕ್ಕಳಿಗೂ ವಿದ್ಯಾನಿಧಿಯನ್ನು ನಂತರ ವಿಸ್ತರಿಸಲಾಯಿತು. ಒಳ್ಳೆಯ ಕೆಲಸವೇ. ಆದರೆ ಪ್ರತಿಯೊಂದು ವರ್ಗಕ್ಕೂ ಒಂದೊಂದು ಪಟ್ಟಿ, ಪ್ರತಿಯೊಂದು ಪಟ್ಟಿಗೂ ಒಂದೊಂದು ಇಲಾಖೆ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸಿಗೆ ಜಮೀನೂ ಇಲ್ಲ, ದೋಣಿಯೂ ಇಲ್ಲ. ಅವಳು ರೈತಳೋ, ಕಾರ್ಮಿಕಳೋ, ಮೀನುಗಾರಳೋ? ಮಳೆಗಾಲದಲ್ಲಿ ಅವಳೇ ಕಗ್ಗದ ಗದ್ದೆಗೆ ಕೂಲಿಗೆ ಹೋಗುತ್ತಾಳೆ. ಈ ಅಳಿವೆ 2024ರಲ್ಲಿ ರಾಮ್‌ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಸಂತೋಷ. ಅದರಲ್ಲಿ ದುಡಿಯುವವಳು ಯಾವ ಪಟ್ಟಿಗೂ ಸಲೀಸಾಗಿ ಸೇರುವುದಿಲ್ಲ. ಅಂಥ ಮನೆಯ ಮಕ್ಕಳಿಗೆ ಹಿಂದುಳಿದ ವರ್ಗಗಳ ಅಥವಾ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿವೇತನವೇ ಹೆಚ್ಚು ಹತ್ತಿರದ ದಾರಿ. ಅದಕ್ಕೆ ಬೇಕಾಗುವುದು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿಯಲ್ಲ. ಈ ಪತ್ರಗಳನ್ನು ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಸಿಡಬೇಕು.

ಸರ್ಕಾರದ ಕಡೆಗೂ ಒಂದು ಮಾತು ಹೇಳದಿದ್ದರೆ ಈ ಭಾಷಣ ಒಂದು ಕಣ್ಣಿನದಾದೀತು. ಶಾಲೆಯ ಖರ್ಚಿಗೆ ಹಣ ಕೊಡುವ ಪದ್ಧತಿ ಬೇರೆ ದೇಶಗಳಲ್ಲೂ ನಡೆದಿದೆ. ಮೆಕ್ಸಿಕೋದಲ್ಲಿ 1997ರಲ್ಲಿ ಪ್ರೊಗ್ರೆಸಾ ಎಂಬ ಯೋಜನೆ ಹಳ್ಳಿಗಳಿಂದಲೇ ಆರಂಭವಾಯಿತು. ಅಲ್ಲಿ ಹಣ ಹೋದದ್ದು ತಾಯಿಯ ಕೈಗೆ. ಪ್ರೌಢಶಾಲೆಯ ಹಂತದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು. ಕೊಟ್ಟದ್ದು ಎರಡು ತಿಂಗಳಿಗೊಮ್ಮೆ, ಮಗು ಶಾಲೆಗೆ ಹೋಗುತ್ತಿದೆ ಎಂಬುದನ್ನು ನೋಡಿಕೊಂಡು. ಬಡತನವನ್ನು ಅಳೆದರೇ ಹೊರತು ಜಮೀನಿನ ಒಡೆತನವನ್ನು ಕೇಳಲಿಲ್ಲ. ನಮ್ಮಲ್ಲಿ ಹುಡುಗಿಯರಿಗೆ ಐನೂರು, ಸಾವಿರ ಹೆಚ್ಚು ಇಟ್ಟದ್ದು ಅದೇ ವಿವೇಕ. ಆದರೆ ವರ್ಷಕ್ಕೊಮ್ಮೆ, ಅದೂ ತರಗತಿ ಪ್ರಾರಂಭವಾಗಿ ಎಷ್ಟೋ ದಿನಗಳಾದ ಮೇಲೆ ಬರುವ ಹಣ ತೆನೆ ಬಂದ ಮೇಲೆ ಹಾಕಿದ ಮೇಲುಗೊಬ್ಬರದಂತೆ. (ಕಗ್ಗಕ್ಕೆ ಗೊಬ್ಬರ ಹಾಕುವ ರೂಢಿಯೇ ಇಲ್ಲ, ಆದರೂ ಮಾತು ಅರ್ಥವಾದೀತು.) ಗೊಬ್ಬರ ವ್ಯರ್ಥವೆಂದಲ್ಲ, ಸಸಿ ಸೊರಗುವ ಹೊತ್ತಿಗೆ ಅದು ಇರಲಿಲ್ಲ. ಕರಾವಳಿಯಲ್ಲಿ ಅದು ಜೂನ್ ಮೊದಲ ವಾರ ಕೈಗೆ ಸಿಕ್ಕರೆ ಅರ್ಧ ಮೊತ್ತವೂ ಹೆಚ್ಚು ಕೆಲಸ ಮಾಡೀತು.

ಭೂಮಿಯನ್ನೂ ಶಾಲೆಯನ್ನೂ ಒಟ್ಟಿಗೆ ನೋಡಿದವರು ಈ ಜಿಲ್ಲೆಯಲ್ಲೇ ಇದ್ದರು. ಗೇಣಿ ಒಕ್ಕಲುಗಳನ್ನು ಸಂಘಟಿಸಿದ ದಿನಕರ ದೇಸಾಯಿಯವರೇ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. ಅಂದಿನ ಒಕ್ಕಲಿನ ಮೊಮ್ಮಗಳು ಇಂದು ಶಾಲೆಯಲ್ಲಿದ್ದಾಳೆ, ಅಜ್ಜನ ಹೆಸರು ಪಹಣಿಯಲ್ಲಿದೆ. ಎರಡಕ್ಕೂ ನಡುವಿನ ಕೊಂಡಿ ಮಾತ್ರ ಕಚೇರಿಯ ಕಾಗದದಲ್ಲಿ ಇಲ್ಲ.

ಕೊನೆಯದಾಗಿ ಎರಡು ಸಣ್ಣ ವಿಷಯಗಳು. ಪಹಣಿಯಲ್ಲಿ ತಂದೆಯ ಹೆಸರು, ಮನೆತನದ ಹೆಸರು ಸೇರಿ ಮೂರು ಪದಗಳಿದ್ದು ಆಧಾರ್ ಕಾರ್ಡಿನಲ್ಲಿ ಎರಡೇ ಇದ್ದರೆ ಹೊಂದಾಣಿಕೆಗೆ ತೊಡಕಾಗುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಒಯ್ದು ತೋರಿಸಬೇಕು. ಯೋಜನೆಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಸೌಲಭ್ಯವೇನೆಂದು ಅಲ್ಲೇ ಕೇಳಿಕೊಳ್ಳಬೇಕು. ಇನ್ನೊಂದು, ಹಣ ಬಂದಿಲ್ಲವೆಂದು ದೂರುವ ಮೊದಲು ಮಗುವಿನ ಹೆಸರಿನಲ್ಲಿ ಎಷ್ಟು ಬ್ಯಾಂಕ್ ಖಾತೆಗಳಿವೆ ಎಂದು ನೋಡಬೇಕು. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ, ಮನೆಯವರು ನೆನಪಿಟ್ಟುಕೊಂಡ ಖಾತೆಗಲ್ಲ. ಶಾಲೆಯಲ್ಲಿ ತೆರೆಸಿದ ಖಾತೆ ಒಂದು, ಊರಿನ ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಎರಡೂ ಪಾಸ್‌ಬುಕ್ ಬರೆಸಿ ನೋಡಿದ ಮೇಲೆಯೇ ತಾಲ್ಲೂಕು ಕಚೇರಿಗೆ ಬಸ್ಸು ಹತ್ತುವುದು ಒಳ್ಳೆಯದು.