ಟಿಕೆಟ್ ಬುಕ್ ಮಾಡುವ ಮೊದಲು ಒಂದು ಮೆಸೇಜ್

ಕಡಿಯಾಳಿಯ ನಮ್ಮ ಮನೆಯ ಮಹಡಿಯಿಂದ ಮಾತಾಡ್ತಾ ಇದ್ದೇನೆ. ಹಿಂದೆ ಬಸ್ಸಿನ ಹಾರ್ನ್ ಕೇಳಿದರೆ ಸ್ವಲ್ಪ ಸಹಿಸಿಕೊಳ್ಳಿ, ಉಡುಪಿ-ಮಣಿಪಾಲ ರಸ್ತೆ ಮಾರಾಯ್ರೆ, ಸುಮ್ಮನಿರುವುದೇ ಇಲ್ಲ.

ಇವತ್ತು 2,600 ರೂಪಾಯಿಯ ಕಥೆ. ಬಿ.ಕಾಂ. ಮುಗಿಸಿದ ವರ್ಷ ಬೆಂಗಳೂರಿನ ಒಂದು ಕಂಪನಿಯಿಂದ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಕಾಲ್ ಬಂತು. ಹೆಸರು ಬೇಡ. ನಾನ್ ಎಸಿ ಸ್ಲೀಪರ್, ಹೋಗಿ ಬರಲಿಕ್ಕೆ 1,700. ರಾತ್ರಿಯಿಡೀ ಶಿರಾಡಿ ಘಾಟಿಯಲ್ಲಿ ಹೊರಳಾಡಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದದ್ದು. ಸ್ನಾನ ಮಾಡಿ ಶರ್ಟ್ ಬದಲಿಸಲಿಕ್ಕೆ ಲಾಡ್ಜ್ 500. ಬಿಎಂಟಿಸಿ, ಆಟೋ 240. ಊಟ, ತಿಂಡಿ 160. ಇಂಟರ್‌ವ್ಯೂ ಎಷ್ಟು ಹೊತ್ತು? ಹನ್ನೊಂದು ನಿಮಿಷ. "ಆ್ಯಕ್ಚುಲಿ ಈ ಪೊಸಿಷನ್ ನಿನ್ನೆಯೇ ಫಿಲ್ ಆಯ್ತು, ನಿಮ್ಮ ರೆಸ್ಯೂಮೆ ಇಟ್ಕೊಳ್ತೇವೆ" ಅಂದರು.

ಆ ದುಡ್ಡು ನನ್ನದಲ್ಲ. ಶಂಕರಪುರದ ಅಜ್ಜಿ ಮನೆಯ ಮಲ್ಲಿಗೆ ಮಾರಿ ಬಂದದ್ದರಲ್ಲಿ ಅಮ್ಮ ಡಬ್ಬದಲ್ಲಿ ಕೂಡಿಟ್ಟದ್ದು. ವಾಪಸ್ ಬಂದಾಗ ಅಮ್ಮ ದುಡ್ಡಿನ ವಿಷಯ ಎತ್ತಲೇ ಇಲ್ಲ. "ಊಟ ಮಾಡಿದ್ಯಾ?" ಅಂತ ಮಾತ್ರ ಕೇಳಿದರು. ಅದೇ ಹೆಚ್ಚು ಚುಚ್ಚಿತು. ಆಮೇಲೆ ಮತ್ತೊಂದು ಕಾಲ್ ಬಂದಾಗ ನಾನು ಹೋಗಲೇ ಇಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಬೆಂಗಳೂರಿನಲ್ಲೇ ಮನೆ ಇದ್ದವನಿಗೆ ಅದೇ ಇಂಟರ್‌ವ್ಯೂ ಐವತ್ತು ರೂಪಾಯಿಯ ಬಸ್ಸು. ನಮಗೆ ನಾನೂರು ಕಿಲೋಮೀಟರ್. ಸ್ಪರ್ಧೆ ಅಲ್ಲೇ ಶುರುವಾಗ್ತದೆ, ಮಾರ್ಕ್ಸ್ ಕಾರ್ಡ್ ನೋಡುವ ಮೊದಲೇ.

ಈಗ ಒಂದು ಪ್ರಶ್ನೆ. ಪ್ರಯಾಣದ ಖರ್ಚು ಕೇಳುವುದು ಭಿಕ್ಷೆಯಾ? ಸರಕಾರ ಹಾಗೆ ಅಂದುಕೊಂಡಿಲ್ಲ. ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಸಂದರ್ಶನಕ್ಕೆ ದೆಹಲಿಗೆ ಹೊರ ಊರಿಂದ ಹೋದವರಿಗೆ ಸ್ಲೀಪರ್ ಕ್ಲಾಸ್ ರೈಲಿನ ಹೋಗಿ ಬರುವ ಚಾರ್ಜ್ ಲೆಕ್ಕದಲ್ಲಿ ಭತ್ಯೆ ಉಂಟು, ಫಾರಂ ತುಂಬಿಸಬೇಕು ಅಷ್ಟೆ. ರೈಲ್ವೆ ನೇಮಕಾತಿ ಪರೀಕ್ಷೆಗೆ ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಉಚಿತ ಸೆಕೆಂಡ್ ಕ್ಲಾಸ್ ಪಾಸ್ ಉಂಟು. ಎಷ್ಟೋ ಸಾರ್ವಜನಿಕ ಉದ್ದಿಮೆಗಳ ನೋಟಿಫಿಕೇಶನ್ನಿನ ಕೊನೆಯಲ್ಲಿ, ನಾವು ಯಾರೂ ಓದದ ಸಣ್ಣ ಅಕ್ಷರದಲ್ಲಿ, ಹತ್ತಿರದ ಮಾರ್ಗದ ರೈಲು ಚಾರ್ಜ್ ಕೊಡುತ್ತೇವೆ ಅಂತ ಬರೆದಿರ್ತದೆ. ಟಿಕೆಟ್ ತೋರಿಸಬೇಕು, ಹಾಗಾಗಿ ಎಸೆಯಬೇಡಿ.

ಜರ್ಮನಿಯಲ್ಲಿ ಇನ್ನೂ ಗಟ್ಟಿ. ಅಲ್ಲಿನ ಸಿವಿಲ್ ಕೋಡಿನ 670ನೇ ಸೆಕ್ಷನ್ ಪ್ರಕಾರ, ಕಂಪನಿಯೇ ಸಂದರ್ಶನಕ್ಕೆ ಕರೆದರೆ ನ್ಯಾಯವಾದ ಖರ್ಚು ಕಂಪನಿಯದ್ದು. ಕೊಡುವುದಿಲ್ಲ ಅಂತಾದರೆ ಅದನ್ನು ಮೊದಲೇ ಹೇಳಬೇಕು. ನನಗೆ ಇಷ್ಟವಾದದ್ದು ಆ "ಮೊದಲೇ". ನಮ್ಮಲ್ಲಿ ಖಾಸಗಿ ಕಂಪನಿಗಳು ಬಾಯಿ ಬಿಡುವುದಿಲ್ಲ, ನಾವೂ ನಾಚಿಕೆಯಲ್ಲಿ ಕೇಳುವುದಿಲ್ಲ.

ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲೇ ಬರೆದು ಕೇಳಿ. ಫೋನಲ್ಲಿ ಬೇಡ, ಮೇಲ್ ಅಥವಾ ವಾಟ್ಸಾಪ್. ಹೀಗೆ: "ನಾನು ಉಡುಪಿಯಿಂದ ಬರಬೇಕು. ಮೊದಲ ಸುತ್ತು ವಿಡಿಯೋ ಕಾಲ್‌ನಲ್ಲಿ ಮಾಡಬಹುದೇ? ನೇರ ಬರಲೇಬೇಕಿದ್ದರೆ ಪ್ರಯಾಣದ ಖರ್ಚು ಕೊಡುತ್ತೀರಾ? ಹುದ್ದೆ ಇನ್ನೂ ಖಾಲಿ ಉಂಟಾ ಅಂತಲೂ ದಯವಿಟ್ಟು ತಿಳಿಸಿ." ಹುದ್ದೆಯ ಮಾತು ಬಿಡಬೇಡಿ, ನನ್ನ 2,600 ಹೋದದ್ದು ಅದರಲ್ಲೇ.

ಕೇಳಿದರೆ ಕೆಲಸ ಕೈತಪ್ಪುತ್ತದೆ ಅಂತ ಹೆದರಿಕೆ ಉಂಟು, ಅದು ಸುಳ್ಳು ಹೆದರಿಕೆ ಅಂತ ನಾನು ಹೇಳುವುದಿಲ್ಲ. ಆದರೆ ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಇದನ್ನೇ ಕಳಿಸಿದಳು. ಖರ್ಚು ಕೊಡಲಿಕ್ಕಾಗುವುದಿಲ್ಲ ಅಂದರು, ಮೊದಲ ಎರಡು ಸುತ್ತು ವಿಡಿಯೋದಲ್ಲೇ ಮಾಡಿದರು. ಮೂರನೇ ಸುತ್ತಿಗೆ ಸೋಮವಾರ ರಾತ್ರಿ ಬಸ್ಸು ಹತ್ತುತ್ತಾಳೆ. ಈ ಸಲ ಟಿಕೆಟ್ ನನ್ನ ಲೆಕ್ಕ.