ಕೈಕಾಲು ಸರಿಹೋದ ಮೇಲೆ



ಲಘು ಪಾರ್ಶ್ವವಾಯುವಿನ ನಂತರ ಬುದ್ಧಿ ಮತ್ತು ಭಾವನೆಗಳಲ್ಲಿ ಉಳಿದುಬಿಡುವ ತೊಂದರೆಗಳನ್ನು ಚರ್ಚಿಸಲು ಹೈದರಾಬಾದಿಗಿಂತ ಒಳ್ಳೆಯ ಊರು ಸಿಗಲಾರದು. ಬೀದರ್, ಕಲಬುರಗಿ, ರಾಯಚೂರುಗಳಿಗೆ ಒಂದು ಕಾಲದಲ್ಲಿ ಇದೇ ರಾಜಧಾನಿ. 1956ರಲ್ಲಿ ರಾಜ್ಯದ ಗಡಿ ಬದಲಾಯಿತು. ದೊಡ್ಡ ಕಾಯಿಲೆ ಬಂದರೆ ಆ ಕಡೆಯ ಅನೇಕರು ಹತ್ತುವ ಬಸ್ಸು ಮಾತ್ರ ಬದಲಾಗಲಿಲ್ಲ.

ಅಂಥ ಒಬ್ಬ ಕಿರಾಣಿ ಅಂಗಡಿಯವರನ್ನು ಊಹಿಸಿಕೊಳ್ಳಿ. ಬಲಗೈ ಸ್ವಾಧೀನ ತಪ್ಪಿ ಆಸ್ಪತ್ರೆ ಸೇರಿದವರು ವಾರದೊಳಗೆ ನಡೆದುಕೊಂಡೇ ಮನೆಗೆ ಹೋದರು. ಮಾತು ಸ್ಪಷ್ಟ, ಕೈಹಿಡಿತ ಗಟ್ಟಿ. ಆದರೆ ಗಲ್ಲಾದ ಮುಂದೆ ಕೂತು ಒಬ್ಬರಿಗೆ ಚಿಲ್ಲರೆ ಎಣಿಸುವಾಗ ಇನ್ನೊಬ್ಬರು ಬೇಳೆಯ ದರ ಕೇಳಿದರೆ ಎಣಿಕೆ ತಪ್ಪುತ್ತದೆ. ಉದ್ರಿ ಪುಸ್ತಕದಲ್ಲಿ ಒಂದೇ ಬಾಕಿ ಎರಡು ಸಲ ಬರೆದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ವಿಪರೀತ ಸುಸ್ತು. ಸಣ್ಣ ಮಾತಿಗೂ ಸಿಡುಕು, ಇಲ್ಲವೇ ತಡೆಯಲಾಗದ ಅಳು. ‘ಲಕ್ವಾದಿಂದ ಪಾರಾದ್ರು, ಸ್ವಭಾವ ಮಾತ್ರ ಕೆಟ್ಟೋಯ್ತು’ ಎಂದು ಮನೆಯವರು ಮಾತಾಡಿಕೊಳ್ಳುತ್ತಾರೆ. ವೈದ್ಯರಾದ ನಾವು ಕೇಳದೇ ಬಿಟ್ಟ ಪ್ರಶ್ನೆಯ ಹೊರೆ ಹೀಗೆ ರೋಗಿಯ ನಡತೆಯ ಮೇಲೆ ಬೀಳುತ್ತದೆ.

ಇದಕ್ಕೆ ಕಾರಣ ಮಿದುಳಿನಲ್ಲೇ ಇದೆ. ಥಲಾಮಸ್‌ನಲ್ಲಿ ಅಥವಾ ಮುಂಭಾಗದ ಮಿದುಳನ್ನು ಒಳಭಾಗಕ್ಕೆ ಜೋಡಿಸುವ ನರತಂತುಗಳಲ್ಲಿ ಆದ ಪುಟ್ಟ ಗಾಯವೂ ಗಮನ, ಯೋಚನೆಯ ವೇಗ, ಯೋಜನಾಶಕ್ತಿ ಮೂರನ್ನೂ ಕುಗ್ಗಿಸಬಲ್ಲದು. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಗೆ ಮುಂದೆ ಖಿನ್ನತೆ ಕಾಡುತ್ತದೆ. ಪಾರ್ಶ್ವವಾಯುವಿನ ತೀವ್ರತೆ ಅಳೆಯಲು ನಾವು ಬಳಸುವ ಎನ್‌ಐಎಚ್‌ಎಸ್‌ಎಸ್ ಮಾಪನದ ಅಂಕ 0ಯಿಂದ 42ರವರೆಗಿದೆ. ತುರ್ತು ಚಿಕಿತ್ಸೆಗೆ ಅದು ಬೇಕೇ ಬೇಕು. ಅದು ತಿಂಗಳು, ವಯಸ್ಸು ಕೇಳುತ್ತದೆ, ಭಾಷೆಯನ್ನೂ ನೋಡುತ್ತದೆ. ಆದರೆ ನೆನಪಿನ ಶಕ್ತಿಯನ್ನಾಗಲಿ ಮನಸ್ಸಿನ ಸ್ಥಿತಿಯನ್ನಾಗಲಿ ಅಳೆಯುವುದಿಲ್ಲ. ಅಲ್ಲಿ ಸೊನ್ನೆ ಬಂದವರೂ ಅಂಗಡಿಯ ಲೆಕ್ಕದಲ್ಲಿ ಸೋಲಬಹುದು.

ಇದೇ ನಗರದ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಿಮ್ಸ್‌ನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ನಮಗೆ ದಾರಿ ತೋರಿಸಿದೆ. ರಕ್ತನಾಳ ಕಟ್ಟಿ ಪಾರ್ಶ್ವವಾಯುವಾದ 608 ಜನರನ್ನು ಅವರು ಪರಿಶೀಲಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಶೇ. 40.5 ಮಂದಿಯ ಬುದ್ಧಿಶಕ್ತಿ ಸಹಜವಾಗಿತ್ತು. ಒಂದೇ ಭಾಷೆಯವರಲ್ಲಿ ಶೇ. 19.6 ಮಾತ್ರ. ಈ ಸುದ್ದಿ ಬಹುಭಾಷೆಯ ಹೆಗ್ಗಳಿಕೆಯಾಗಿ ಎಲ್ಲೆಡೆ ಓಡಾಡಿತು. ಅದೇ ಅಂಕಿಯನ್ನು ತಿರುಗಿಸಿ ಓದೋಣ: ಅನುಕೂಲವಿದ್ದ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ಕೊರತೆಯೊಡನೆ ಬದುಕುತ್ತಿದ್ದರು. ಅವರೆಲ್ಲ ಲಘು ಪಾರ್ಶ್ವವಾಯುವಿನವರಲ್ಲ, ನಿಜ. ಆದರೂ ಹುಡುಕಿದಾಗಷ್ಟೇ ಈ ಕೊರತೆ ಕಾಣುತ್ತದೆ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಈ ಸಂಕಿರಣದಿಂದ ನಾನು ನಿರೀಕ್ಷಿಸುವುದು ಮೂರು ನಿರ್ಣಯ. ಒಂದು, ಪಾರ್ಶ್ವವಾಯುವಾದ ಪ್ರತಿಯೊಬ್ಬರಿಗೂ ಮನೆಗೆ ಕಳಿಸುವ ಮುನ್ನ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಬುದ್ಧಿ ಹಾಗೂ ಮನಸ್ಸಿನ ತಪಾಸಣೆ ಆಗಲಿ. ಎರಡು, ಅದು ರೋಗಿಯ ಭಾಷೆಯಲ್ಲೇ ಆಗಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷಾ ಸಾಧನ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ಬೀದರಿನವರನ್ನು ತೆಲುಗಿನಲ್ಲಿ ಪರೀಕ್ಷಿಸಿ ಅಂಕ ಕಳೆದರೆ ತಪ್ಪು ನಮ್ಮದು. ಮೂರು, ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳೋಣ: ದುಡ್ಡಿನ ಲೆಕ್ಕ ಹೇಗಿದೆ, ನಿದ್ದೆ ಹೇಗಿದೆ, ಸಿಟ್ಟು ಹೊಸದೇ?

ಇವಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಬೇಕು. ಆ ಸಮಯವನ್ನು ಯಾರು, ಎಲ್ಲಿಂದ ಹೊಂದಿಸಬೇಕು ಎಂಬುದನ್ನು ಇಂದಿನ ಗೋಷ್ಠಿಗಳು ತೀರ್ಮಾನಿಸಲಿ.