ಇಳಿಯುವ ದಾರಿಯ ಎತ್ತರ



ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣ ಯಾವಾಗ ಆಗುತ್ತದೆ ಎಂದು ಈ ಜಿಲ್ಲೆ ಬಹಳ ವರ್ಷಗಳಿಂದ ಕೇಳುತ್ತಾ ಬಂದಿದೆ. ಅಲ್ಲಿಗೆ ವಿಮಾನಗಳು ಯಾವ ಎತ್ತರದಲ್ಲಿ ಬಂದು ಇಳಿಯುತ್ತವೆ ಎಂದು ಯಾರೂ ಕೇಳಿದಂತಿಲ್ಲ. ಈ ವಿಚಾರ ಸಂಕಿರಣ ಆ ಪ್ರಶ್ನೆಯಿಂದಲೇ ಶುರುವಾಗಬೇಕು ಎಂಬುದು ನನ್ನ ಆಶಯ.

1990ರ ಫೆಬ್ರವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದತ್ತ ಇಳಿಯುತ್ತಿತ್ತು. ಹೊಸ ಏರ್‌ಬಸ್ ಎ-320. ಮೋಡವಿಲ್ಲ, ಮಳೆಯಿಲ್ಲ, ರನ್‌ವೇ ಕಣ್ಣಿಗೆ ಕಾಣುತ್ತಿದೆ. ವಿಮಾನ ಮಾತ್ರ ಇರಬೇಕಾದ ದಾರಿಗಿಂತ ಕೆಳಗಿದೆ. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿ ಸುಮ್ಮನೆ ತಿರುಗುತ್ತಿವೆ, ವೇಗ ಇಳಿಯುತ್ತಲೇ ಇದೆ. ರನ್‌ವೇಗೆ ಸುಮಾರು 2,300 ಅಡಿ ಮೊದಲೇ ಅದು ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ಪುಟಿದು, ಒಡ್ಡಿಗೆ ಅಪ್ಪಳಿಸಿ ಹೊತ್ತಿಕೊಂಡಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು.

ಎಂಜಿನಿಯರಿಂಗ್ ಓದುವವರು ಈ ಅಪಘಾತದ ಕೊನೆಯ ಒಂದು ನಿಮಿಷವನ್ನು ಬಿಡಿಸಿ ನೋಡಬೇಕು. 'ಐಡಲ್ ಓಪನ್ ಡಿಸೆಂಟ್' ಎಂಬ ಸ್ಥಿತಿಯಲ್ಲಿ ವಿಮಾನ ಎಂಜಿನ್ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿಕೊಂಡು, ಪೈಲಟ್ ಕೊಟ್ಟ ಎತ್ತರದ ಕಡೆಗೆ ಜಾರುತ್ತದೆ. ನೆಲ ಹತ್ತಿರವಿರುವಾಗ ಆ ಸ್ಥಿತಿ ಇರಕೂಡದು. ಅವತ್ತು ಆ ವಿಮಾನ ಅದೇ ಸ್ಥಿತಿಯಲ್ಲಿತ್ತು; ಅದು ಹೇಗೆ ಬಂತೆಂದು ತನಿಖೆಗೆ ಖಚಿತವಾಗಿ ಹೇಳಲಾಗಲಿಲ್ಲ. ನಿಮಿಷಕ್ಕೆ 700 ಅಡಿ ಇಳಿಯಬೇಕೆಂಬ ಆಜ್ಞೆಯನ್ನು ಕೊಡಲು ಹೋಗಿ, ಪಕ್ಕದ ಗುಂಡಿಯಲ್ಲಿ 700 ಅಡಿ ಎತ್ತರವನ್ನೇ ತಿರುಗಿಸಿರಬಹುದು ಎಂಬುದು ಬಹಳ ಜನ ಒಪ್ಪುವ ಊಹೆ. ಬೆಂಗಳೂರಿನ ನೆಲವೇ ಸಮುದ್ರ ಮಟ್ಟದಿಂದ 2,900 ಅಡಿ ಮೇಲಿದೆ! ಊಹೆ ನಿಜವಾಗಿದ್ದರೆ, ಯಂತ್ರಕ್ಕೆ ಸಿಕ್ಕ ಗುರಿ ಮಣ್ಣಿನೊಳಗಿತ್ತು. ಅದರ ಮೇಲೆ, ಇಬ್ಬರು ಪೈಲಟ್‌ಗಳ ಮುಂದಿನ ಪರದೆಯಲ್ಲಿ ಹಾರುವ ದಾರಿ ಸೂಚಿಸುವ ಫ್ಲೈಟ್ ಡೈರೆಕ್ಟರ್‌ಗಳಲ್ಲಿ ಒಂದು ಆರಿತ್ತು, ಇನ್ನೊಂದು ಉಳಿದೇ ಇತ್ತು. ಎರಡೂ ಆರಿದ್ದರೆ ಎಂಜಿನ್‌ಗಳು ವೇಗ ಕಾಯುವ ಸ್ಥಿತಿಗೆ ತಾವಾಗಿ ಮರಳುತ್ತಿದ್ದವು. ನಾನೂರು, ಮುನ್ನೂರು, ಇನ್ನೂರು ಎಂದು ಯಂತ್ರ ಎತ್ತರ ಕೂಗಿ ಹೇಳಿದರೂ ಥ್ರಾಟಲ್ ಮುಂದಕ್ಕೆ ಹೋಗಲಿಲ್ಲ. ತಡವಾಗಿ ಹೋದಾಗ ಎಂಜಿನ್‌ಗೆ ಶಕ್ತಿ ತುಂಬಿಕೊಳ್ಳಲು ಬೇಕಾದ ಸೆಕೆಂಡುಗಳು ಉಳಿದಿರಲಿಲ್ಲ.

ಇದನ್ನು ಇಬ್ಬರ ಅಜಾಗರೂಕತೆ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಅವತ್ತು ಇಳಿದದ್ದು ಕಣ್ಣಳತೆಯಲ್ಲಿ. ರನ್‌ವೇ ಕಾಣುತ್ತಿದ್ದರೆ ದಾರಿ ಸರಿಯಿದೆ ಎಂದೇ ಮನಸ್ಸು ನಂಬುತ್ತದೆ. ಸರಿಯಾದ ಇಳಿಜಾರು ಸಾಮಾನ್ಯವಾಗಿ ಮೂರು ಡಿಗ್ರಿ, ಅಂದರೆ ಒಂದು ಕಿಲೋಮೀಟರಿಗೆ 52 ಮೀಟರಿನಷ್ಟು. ಇದನ್ನು ಬರಿಗಣ್ಣು ಅಳೆಯಲಾರದು. ಅದಕ್ಕೇ ರನ್‌ವೇ ಪಕ್ಕದಲ್ಲಿ ಪಾಪಿ ಎಂಬ ನಾಲ್ಕು ದೀಪಗಳ ಸಾಲು ಇಡುತ್ತಾರೆ. ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಕೆಂಪಾದರೆ ಅಪಾಯದಷ್ಟು ಕೆಳಗೆ. 2010ರ ಮೇ 22ರಂದು ಮಂಗಳೂರಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ: ವಿಮಾನ ತೀರಾ ಎತ್ತರದಿಂದ ಬಂದು, ರನ್‌ವೇ ದಾಟಿ ಕಣಿವೆಗೆ ಬಿತ್ತು, 158 ಮಂದಿ ಸತ್ತರು. ಎರಡೂ ಕಡೆ ದಾರಿ ತಪ್ಪಿದೆ ಎಂದು ಗೊತ್ತಾದ ಮೇಲೂ ಮತ್ತೆ ಮೇಲೇರುವ ನಿರ್ಧಾರ ಸಕಾಲಕ್ಕೆ ಬರಲಿಲ್ಲ.

ಈಗ ಹಾಸನಕ್ಕೆ ಬರೋಣ. ನಮ್ಮ ನೆಲವೂ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿದೆ. ಆಲ್ಟಿಮೀಟರ್ 3,500 ತೋರಿಸುತ್ತಿದ್ದರೆ ಕೆಳಗಿನ ತೆಂಗಿನ ಗರಿಗಳಿಗೂ ವಿಮಾನಕ್ಕೂ ನಡುವೆ ಉಳಿಯುವುದು ಕೆಲವೇ ನೂರು ಅಡಿ. ಕಣ್ಣಳತೆಯನ್ನೇ ನಂಬಿ ಇಲ್ಲಿ ನಿಲ್ದಾಣ ಕಟ್ಟಬಾರದು.

ಬೇಕಾದ ಸಾಧನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ಗಗನ್ ವ್ಯವಸ್ಥೆಯ ಉಪಕರಣಗಳನ್ನು ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15 ಉಪಗ್ರಹಗಳು ಹೊತ್ತು ಹೋದವು. ಜಿಪಿಎಸ್ ಸಂಕೇತದ ದೋಷವನ್ನು ತಿದ್ದಿ, ನೆಲದಿಂದ ರೇಡಿಯೊ ಸಂಕೇತದಲ್ಲಿ ದಾರಿ ತೋರಿಸುವ ಐಎಲ್‌ಎಸ್ ಇಲ್ಲದ ರನ್‌ವೇಗೂ ಗಗನ್ ಇಳಿಜಾರಿನ ದಾರಿ ತೋರಿಸಬಲ್ಲದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಹೀಗೇ ಇಳಿದು ತೋರಿಸಿತು. ಆ ಉಪಗ್ರಹಗಳನ್ನು ಉಡಾವಣೆಯಾದ ಮೇಲೆ ಕಕ್ಷೆಗೆ ಏರಿಸಿ ಕೂರಿಸಿದ್ದು ಈ ಊರಿನಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ನಮ್ಮೂರಿನ ರನ್‌ವೇಗೆ ಆ ಮಾರ್ಗದರ್ಶನ ಮೊದಲ ದಿನದಿಂದಲೇ ಇರಬೇಕು ಎಂದು ಕೇಳುವುದು ಹಾಸನದವರ ಹಕ್ಕು ಎಂದೇ ನಾನು ತಿಳಿದಿದ್ದೇನೆ.

ಇನ್ನೊಂದು ಕೆಲಸ ನೆಲದ ಮೇಲಿನದು, ಅದನ್ನು ನಮ್ಮ ಸಿವಿಲ್ ವಿಭಾಗದ ವಿದ್ಯಾರ್ಥಿಗಳೇ ಮಾಡಬಹುದು. ಇಳಿಯುವ ದಾರಿಯ ಕೆಳಗೆ ಬರುವ ಮೊಬೈಲ್ ಗೋಪುರ, ವಿದ್ಯುತ್ ಕಂಬ, ನೀಲಗಿರಿ ತೋಪು, ಕಲ್ಯಾಣ ಮಂಟಪ ಎಲ್ಲಕ್ಕೂ ಎತ್ತರದ ಮಿತಿ ಇದೆ. ಕಟ್ಟಿದ ಮೇಲೆ ಕೆಡವುವುದು ಎಲ್ಲರಿಗೂ ನೋವು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎತ್ತರದವರೆಗೆ ಕಟ್ಟಬಹುದು ಎಂಬುದು ರೈತನಿಗೆ ಪಂಚಾಯಿತಿ ಕಚೇರಿಯಲ್ಲೇ ಕನ್ನಡದಲ್ಲಿ ತಿಳಿಯಬೇಕು. ರನ್‌ವೇಯ ಎರಡೂ ತುದಿಗಳಿಂದಾಚೆಗಿನ ಹಳ್ಳಿಗಳ ಇಂಥ ನಕ್ಷೆಯ ಕೆಲಸವನ್ನು ಯಾವ ಕಾಲೇಜು ಎಲ್ಲಿಂದ ಶುರು ಮಾಡುತ್ತದೆ ಎಂಬುದನ್ನು ಇವತ್ತಿನ ಮಧ್ಯಾಹ್ನದ ಗೋಷ್ಠಿಯಲ್ಲೇ ಹಂಚಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.